ಕುದುರೆಗಳನ್ನು ಕೆಡವಿದ ಮೀನು

1800ನೆಯ ಇಸವಿಯ ಮಾರ್ಚ್ ತಿಂಗಳು. ದಕ್ಷಿಣ ಅಮೆರಿಕದಲ್ಲಿ ಇಂದಿನ ವೆನೆಜುವೇಲ ದೇಶಕ್ಕೆ ಸೇರಿದ ವಿಶಾಲವಾದ ಹುಲ್ಲುಬಯಲು; ಅದರ ನಡುವೆ ಕಲಬೋಸೊ ಎಂಬ ಊರು. ಮಳೆಗಾಲದಲ್ಲಿ ಸಮುದ್ರದಂತೆ ನೀರು ತುಂಬಿ ನಿಲ್ಲುವ ಆ ಬಯಲು ಆಗ ಬಿಸಿಲಿಗೆ ಒಣಗಿ ಬಿರುಕುಬಿಟ್ಟಿತ್ತು. ಅಲ್ಲೊಂದು ಇಲ್ಲೊಂದು ಕೆಸರು ಹೊಂಡದಲ್ಲಿ ಮಾತ್ರ ನೀರು ಉಳಿದಿತ್ತು. ಅಂಥ ಒಂದು ಹೊಂಡದ ದಡದಲ್ಲಿ ಜರ್ಮನಿಯ ಪ್ರಖ್ಯಾತ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟನು ತನ್ನ ಸಂಗಾತಿ ಬೊಂಪ್ಲಾನನೊಡನೆ ನಿಂತಿದ್ದನು. ಅವನಿಗೆ ಬೇಕಾಗಿದ್ದುದು ಜೀವಂತವಾದ ವಿದ್ಯುತ್ ಹಾವುಮೀನು. ಆದರೆ ಅದನ್ನು ಹಿಡಿಯಲು ನೀರಿಗಿಳಿಯುವ ಧೈರ್ಯ ಯಾರಿಗಿತ್ತು? ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಕಾರೆಕಾಯಿಯನ್ನು ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುವಂತೆ, ಅಲ್ಲಿಯ ಜನರೂ ಒಂದು ಬಗೆಯ ನಂಜುಬೇರನ್ನು ನೀರಿಗೆ ಹಾಕಿ ಮೀನು ಹಿಡಿಯುವುದುಂಟು. ಆದರೆ ಹಾಗೆ ಮಾಡಿದರೆ ಮೀನಿನ ಶಕ್ತಿಯೂ ಕುಂದುವುದೆಂದು ಹುಂಬೋಲ್ಟನು ಒಪ್ಪಲಿಲ್ಲ. ಹಾಗಾದರೆ ಕುದುರೆಗಳಿಂದಲೇ ಹಿಡಿಯೋಣ ಎಂದರು ಆ ಜನರು.

ಸುಮಾರು ಮೂವತ್ತು ಕುದುರೆ, ಹೇಸರಗತ್ತೆಗಳನ್ನು ಅಟ್ಟಿಕೊಂಡು ಬಂದು ಹೊಂಡಕ್ಕೆ ನೂಕಿದರು. ಗೊರಸುಗಳ ತುಳಿತಕ್ಕೆ ಕೆಸರಿನಲ್ಲಿ ಅಡಗಿದ್ದ ಮೀನುಗಳು ಮೇಲೆದ್ದವು. ಹಾವಿನಂತೆ ಉದ್ದವಾದ ಆ ಮೀನುಗಳು ಓಡಿಹೋಗುವುದಕ್ಕೆ ಬದಲಾಗಿ ಕುದುರೆಗಳ ಮೇಲೆಯೇ ಏರಿಹೋದವು. ಅವುಗಳ ಹೊಟ್ಟೆಗೆ ಮೈಯೊತ್ತಿ ಒಂದಾದಮೇಲೊಂದರಂತೆ ವಿದ್ಯುದಾಘಾತವನ್ನು ಕೊಟ್ಟವು. ಕುದುರೆಗಳ ಕೇಸರ ನಿಮಿರಿತು, ಕಣ್ಣುಗಳಲ್ಲಿ ಭೀತಿ ತುಂಬಿತು. ದಡಕ್ಕೆ ಓಡಿಬಂದವುಗಳನ್ನು ಜನರು ಕೂಗಿ, ಕೋಲು ಬೀಸಿ, ಮತ್ತೆ ನೀರಿಗೆ ಅಟ್ಟಿದರು. ಐದು ನಿಮಿಷ ಕಳೆಯುವುದರೊಳಗೆ ಎರಡು ಕುದುರೆಗಳು ಪ್ರಜ್ಞೆತಪ್ಪಿ ನೀರಿನಲ್ಲಿ ಮುಳುಗಿ ಸತ್ತವು. ಕ್ರಮೇಣ ಮೀನುಗಳೂ ಬಳಲಿದವು. ಆಗ ಹಗ್ಗ ಕಟ್ಟಿದ ಈಟಿಗಳಿಂದ ಅವುಗಳನ್ನು ದಡಕ್ಕೆ ಎಳೆದುಕೊಂಡರು. ಹುಂಬೋಲ್ಟನ ಕೈಗೆ ಐದು ದೊಡ್ಡ ಮೀನುಗಳು ದೊರೆತವು. ಕುತೂಹಲದಿಂದಲೋ ಮರೆವಿನಿಂದಲೋ ಅವನು ಆಗತಾನೆ ಹಿಡಿದ ಮೀನಿನ ಮೇಲೆ ಎರಡು ಕಾಲುಗಳನ್ನೂ ಇಟ್ಟನು. ಅಂದು ಇಡೀ ದಿನ ಅವನ ಮೊಣಕಾಲುಗಳೂ ಕೀಲುಗಳೂ ನೋಯುತ್ತಿದ್ದವಂತೆ.

ಈ ವೃತ್ತಾಂತವನ್ನು ಹುಂಬೋಲ್ಟನು 1807ರಲ್ಲಿ ಪ್ರಕಟಿಸಿದನು. ಓದಿದವರೆಲ್ಲರೂ ಬೆರಗಾದರು, ಕಾಲ ಕಳೆದಂತೆ ಅನೇಕರು ಅದನ್ನು ನಂಬದಾದರು. ಮೀನು ಅಪಾಯ ಬಂದಾಗ ಪಲಾಯನ ಮಾಡುವುದು ಸಹಜ. ತನಗಿಂತ ಎಷ್ಟೋ ಪಾಲು ಭಾರವಾದ ಪ್ರಾಣಿಯ ಮೇಲೆ ಏರಿಹೋಗುವುದುಂಟೆ? ಎರಡು ನೂರು ವರ್ಷಗಳ ಕಾಲ ಅಂಥ ದೃಶ್ಯವನ್ನು ಮತ್ತೊಬ್ಬರು ಕಂಡು ಬರೆದ ದಾಖಲೆಯೂ ಇರಲಿಲ್ಲ. ಕಣ್ಣಾರೆ ಕಂಡುದನ್ನು ಕಂಡಂತೆ ಬರೆಯುವವನೆಂದು ಹೆಸರಾದ ವಿಜ್ಞಾನಿ ಇದೊಂದರಲ್ಲಿ ಮಾತ್ರ ಕಥೆಗಾರನಾದನೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು 2016ರಲ್ಲಿ. ಆ ಉತ್ತರವನ್ನು ತಿಳಿಯಬೇಕಾದರೆ ಮೊದಲು ಈ ಮೀನು ಎಂಥದು, ಅದು ಬೇಟೆಯಾಡುವ ಬಗೆ ಯಾವುದು ಎಂಬುದನ್ನು ನೋಡಬೇಕು.

ಹಾವುಮೀನಲ್ಲದ ಹಾವುಮೀನು

ಹೆಸರು ಹಾವುಮೀನು ಎಂದಿದ್ದರೂ ಇದು ನಿಜವಾದ ಹಾವುಮೀನುಗಳ ವಂಶಕ್ಕೆ ಸೇರಿದುದಲ್ಲ. ಉದ್ದವಾದ, ಹುರುಪೆಯಿಲ್ಲದ ದೇಹವನ್ನು ಕಂಡು ಜನ ಹಾಗೆ ಕರೆದರು. ಇದರ ಹತ್ತಿರದ ಬಂಧುಗಳು ದಕ್ಷಿಣ ಅಮೆರಿಕದ ಚೂರಿಮೀನುಗಳು. ಅಮೆಜಾನ್ ಮತ್ತು ಒರಿನೋಕೊ ನದಿಗಳ ಸೀಮೆಯ ಸಿಹಿನೀರೇ ಇದರ ತವರು. ಬಲಿತ ಮೀನು ಎರಡು ಮೀಟರಿಗೂ ಹೆಚ್ಚು ಉದ್ದಕ್ಕೆ ಬೆಳೆಯುತ್ತದೆ; ತೂಕ ಇಪ್ಪತ್ತು ಕಿಲೋಗ್ರಾಂ ಮುಟ್ಟುವುದುಂಟು. ಹೊಟ್ಟೆಯ ಅಡಿಯಲ್ಲಿ ಉದ್ದಕ್ಕೂ ಹಬ್ಬಿದ ಒಂದೇ ಈಜುರೆಕ್ಕೆಯನ್ನು ಅಲೆಯಲೆಯಾಗಿ ಬಳುಕಿಸುತ್ತ ಅದು ಮುಂದಕ್ಕೂ ಹಿಂದಕ್ಕೂ ಸಮಾನವಾಗಿ ಚಲಿಸಬಲ್ಲದು.

ಕೆಸರುನೀರಿನಲ್ಲಿ ಪ್ರಾಣವಾಯು ಬಹಳ ಕಡಮೆ. ಆದಕಾರಣ ನಮ್ಮ ಕೆರೆಗಳ ಕೊರವ ಮೀನಿನಂತೆ ಇದೂ ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ಗುಟುಕರಿಸುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೀಗೆ ಗಾಳಿ ಸಿಗದಿದ್ದರೆ ನೀರಿನೊಳಗೇ ಅದರ ಉಸಿರು ಕಟ್ಟುತ್ತದೆ. ಗಾಳಿಯಿಂದ ಪ್ರಾಣವಾಯುವನ್ನು ಹೀರುವುದು ಬಾಯೊಳಗಿನ, ರಕ್ತನಾಳಗಳು ದಟ್ಟವಾಗಿ ಹರಡಿದ ಮೃದುವಾದ ಪದರ. ಬಾಯಿಯೇ ಅದಕ್ಕೆ ಶ್ವಾಸಾಂಗ. ಮುಳ್ಳುರೆಕ್ಕೆಯ ಮೀನೊಂದು ಆ ಬಾಯೊಳಗೆ ಒದ್ದಾಡಿದರೆ ಏನು ಗತಿ? ಬಾಯಿಗೆ ಹಾಕಿಕೊಳ್ಳುವ ಮೊದಲೇ ಬೇಟೆಯನ್ನು ನಿಶ್ಚೇಷ್ಟಗೊಳಿಸುವುದು ಈ ಮೀನಿಗೆ ಎಷ್ಟು ಅನುಕೂಲವೆಂಬುದು ಇದರಿಂದ ತಿಳಿಯುತ್ತದೆ.

ಹೃದಯ, ಯಕೃತ್ತು, ಜಠರ, ಕರುಳು ಎಲ್ಲವೂ ದೇಹದ ಮುಂಭಾಗದಲ್ಲಿ, ತಲೆಯ ಹಿಂದೆಯೇ ಒತ್ತಾಗಿ ಸೇರಿಕೊಂಡಿವೆ. ಉಳಿದ ಉದ್ದನೆಯ ಭಾಗ, ಎಂದರೆ ದೇಹದ ಸುಮಾರು ಐದನೆಯ ನಾಲ್ಕು ಪಾಲು, ವಿದ್ಯುದಂಗಗಳಿಗೆ ಮೀಸಲು. ಅಂಥ ಅಂಗಗಳು ಮೂರು. ಒಂದು ಮುಖ್ಯಾಂಗ, ಇನ್ನೊಂದಕ್ಕೆ 1775ರಲ್ಲಿ ಈ ಮೀನನ್ನು ಛೇದಿಸಿ ವರ್ಣಿಸಿದ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನ ಹೆಸರು, ಮೂರನೆಯದಕ್ಕೆ ಸಾಕ್ಸ್ ಎಂಬ ಜರ್ಮನ್ ವಿದ್ವಾಂಸನ ಹೆಸರು. ಮೊದಲ ಎರಡು ಪ್ರಬಲವಾದ ಆಘಾತವನ್ನು ಉಂಟುಮಾಡುತ್ತವೆ. ಮೂರನೆಯದು ಸುಮಾರು ಹತ್ತು ವೋಲ್ಟುಗಳ ದುರ್ಬಲ ಮಿಡಿತಗಳನ್ನು ಹೊರಡಿಸುತ್ತದೆ. ಕಣ್ಣು ಕಾಣದ ಕದಡುನೀರಿನಲ್ಲಿ ಕುರುಡನ ಕೈಗೋಲಿನಂತೆ ಅದು ದಾರಿ ತೋರುತ್ತದೆ.

ಸ್ನಾಯುವಿನಿಂದ ವಿದ್ಯುತ್ಕೋಶ

ವಿದ್ಯುತ್ತು ಈ ಮೀನಿಗೆ ಎಲ್ಲಿಂದ ಬಂತು? ಅದರಲ್ಲಿ ಯಾವ ಪವಾಡವೂ ಇಲ್ಲ. ನಾವು ಕೈಯೆತ್ತುವಾಗಲೂ ನಮ್ಮ ನರಗಳಲ್ಲಿ, ಸ್ನಾಯುಗಳಲ್ಲಿ ಅಲ್ಪಪ್ರಮಾಣದ ವಿದ್ಯುತ್ತು ಹರಿಯುತ್ತದೆ. ಪ್ರತಿಯೊಂದು ಜೀವಕೋಶದ ಪೊರೆಯ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣಾಂಶಗಳ ಪ್ರಮಾಣ ಬೇರೆಬೇರೆ. ಈ ವ್ಯತ್ಯಾಸದಿಂದ ಪೊರೆಯ ಎರಡು ಬದಿಗಳ ನಡುವೆ ಒಂದು ವೋಲ್ಟಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆಯಾದ ವಿದ್ಯುದೊತ್ತಡ ಸದಾ ಇರುತ್ತದೆ. ವಿದ್ಯುತ್ ಹಾವುಮೀನಿನ ವಿದ್ಯುತ್ಕೋಶಗಳು ಮೂಲತಃ ಸ್ನಾಯುಕೋಶಗಳೇ. ಅವು ಸಂಕುಚಿಸುವ ಕೆಲಸವನ್ನು ಬಿಟ್ಟು ವಿದ್ಯುತ್ತನ್ನು ಹೊರಡಿಸುವ ಕೆಲಸವನ್ನೇ ವೃತ್ತಿಯಾಗಿ ಹಿಡಿದಿವೆ.

ವಿದ್ಯುತ್ಕೋಶವು ತೆಳ್ಳನೆಯ ಬಿಲ್ಲೆಯಂತಿರುತ್ತದೆ. ಅದರ ಹಿಂಬದಿಗೆ ಮಾತ್ರ ನರದ ಸಂಪರ್ಕವುಂಟು. ವಿಶ್ರಾಂತಿಯಲ್ಲಿರುವಾಗ ಎರಡು ಬದಿಗಳ ಒತ್ತಡಗಳೂ ಸಮನಾಗಿ, ಎದುರುಬದುರಾಗಿ ಇದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ನರದಿಂದ ಆಜ್ಞೆ ಬಂದೊಡನೆಯೆ ಹಿಂಬದಿಯ ಒತ್ತಡ ತಿರುವುಮುರುವಾಗುತ್ತದೆ. ಎರಡೂ ಒಂದೇ ದಿಕ್ಕಿಗೆ ಕೂಡಿಕೊಂಡು ಕೋಶದ ಉದ್ದಗಲಕ್ಕೂ ಸುಮಾರು 0.15 ವೋಲ್ಟು ದೊರೆಯುತ್ತದೆ. ಈ ರಹಸ್ಯವನ್ನು 1953ರಲ್ಲಿ ಬಯಲುಮಾಡಿದವರು ರಿಯೊ ಡಿ ಜನೈರೊ ನಗರದಲ್ಲಿ ಕೂಡಿ ಕೆಲಸಮಾಡಿದ ಇಂಗ್ಲೆಂಡಿನ ಕೀನ್ಸ್ ಮತ್ತು ಬ್ರೆಜಿಲಿನ ಮಾರ್ಟಿನ್ಸ್-ಫೆರೇರ. ಒಂದು ಕೋಶದ ಶಕ್ತಿ ಅತ್ಯಲ್ಪ. ಆದರೆ ಬ್ಯಾಟರಿ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿದಂತೆ ಐದಾರು ಸಾವಿರ ಬಿಲ್ಲೆಗಳು ಸಾಲಾಗಿ ಜೋಡಿಸಿರುವಲ್ಲಿ ಒಟ್ಟು ಒತ್ತಡ ನೂರಾರು ವೋಲ್ಟುಗಳಿಗೆ ಏರುವುದರಲ್ಲಿ ಆಶ್ಚರ್ಯವೇನು? ಬಾಲದ ತುದಿಯ ಕೋಶಕ್ಕೂ ತಲೆಯ ಸಮೀಪದ ಕೋಶಕ್ಕೂ ಆಜ್ಞೆ ಒಂದೇ ಕ್ಷಣದಲ್ಲಿ ಮುಟ್ಟಬೇಕು; ಇಲ್ಲದಿದ್ದರೆ ಒಟ್ಟು ಫಲ ದೊರೆಯದು. ಅದಕ್ಕಾಗಿ ಸಮೀಪದ ಕೋಶಗಳಿಗೆ ಹೋಗುವ ಸಂದೇಶ ಬೇಕೆಂದೇ ತಡವಾಗುವಂತೆ ನರಗಳ ಏರ್ಪಾಡು ಇದೆ.

1766ರಲ್ಲಿ ಲಿನ್ನೇಯಸನು ಈ ಮೀನಿಗೆ ಶಾಸ್ತ್ರೀಯ ನಾಮಕರಣ ಮಾಡಿದಂದಿನಿಂದ ಎರಡೂವರೆ ಶತಮಾನಗಳ ಕಾಲ ಇದರಲ್ಲಿ ಒಂದೇ ಜಾತಿಯೆಂದು ಎಲ್ಲರೂ ಭಾವಿಸಿದ್ದರು. 2019ರಲ್ಲಿ ಡೇವಿಡ್ ಡಿ ಸಂಟಾನ ಮತ್ತು ಸಂಗಡಿಗರು ಮೂರು ಜಾತಿಗಳಿರುವುದನ್ನು ತೋರಿಸಿದರು. ಅವುಗಳಲ್ಲಿ ಒಂದಕ್ಕೆ ವೋಲ್ಟನ ಹೆಸರನ್ನಿಟ್ಟರು. ಆ ಜಾತಿಯ ಮೀನೊಂದರಲ್ಲಿ ಅಳೆದ ಒತ್ತಡ 860 ವೋಲ್ಟು! ನಮ್ಮ ಮನೆಯ ದೀಪಕ್ಕೆ ಬರುವುದು 230 ವೋಲ್ಟು ಮಾತ್ರ ಎಂಬುದನ್ನು ಓದುಗರು ನೆನೆಯಬಹುದು. ಇಷ್ಟು ಒತ್ತಡ ಆ ಜಾತಿಗೇ ಏಕೆ? ಅದು ವಾಸಿಸುವುದು ಕಲ್ಲುಬಂಡೆಗಳ ಮೇಲೆ ಹರಿಯುವ ತಿಳಿನೀರಿನಲ್ಲಿ. ಲವಣಾಂಶ ಕಡಮೆಯಿರುವ ಅಂಥ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಆದಕಾರಣ ಬೇಟೆಯನ್ನು ಮುಟ್ಟಲು ಹೆಚ್ಚಿನ ಒತ್ತಡ ಬೇಕಾಗಿರಬಹುದೆಂದು ವಿದ್ವಾಂಸರ ಊಹೆ.

ಅಡಗಿದವನನ್ನು ತಾನೇ ಕಾಣಿಸಿಕೊಳ್ಳುವಂತೆ ಮಾಡುವುದು

ಈ ಮೀನು ವಿದ್ಯುತ್ತಿನಿಂದ ಬೇಟೆಯನ್ನು ಕೊಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅದು ಪೂರ್ತಿ ಸತ್ಯವಲ್ಲ. ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೆನ್ನೆತ್ ಕಟೇನಿಯ ಅವರು ಅತಿವೇಗದ ಛಾಯಾಗ್ರಹಣ ಯಂತ್ರವನ್ನು ಬಳಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯ ಕಥೆಯನ್ನೇ ಹೇಳುತ್ತವೆ. ಹಾವುಮೀನು ಸೆಕೆಂಡಿಗೆ ಸುಮಾರು 400ರಂತೆ ಮಿಡಿತಗಳ ಸುರಿಮಳೆಯನ್ನು ಕರೆಯುತ್ತದೆ. ಮೊದಲ ಮಿಡಿತ ತಗುಲಿ ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಕಳೆಯುವಷ್ಟರಲ್ಲಿ ಈಜುತ್ತಿದ್ದ ಮೀನು ಕಲ್ಲಿನಂತೆ ಸೆಟೆದು ನಿಲ್ಲುತ್ತದೆ. ಅದು ಸತ್ತಿಲ್ಲ, ಹಾವುಮೀನು ಗುರಿತಪ್ಪಿದರೆ ಕ್ಷಣದಲ್ಲಿ ಚೇತರಿಸಿಕೊಂಡು ಓಡಿಹೋಗುತ್ತದೆ.

ಹಾಗಾದರೆ ಆಘಾತ ತಗುಲುವುದು ಎಲ್ಲಿಗೆ? ಮಿದುಳಿಗೋ, ಸ್ನಾಯುವಿಗೋ, ಅವೆರಡರ ನಡುವಿನ ನರಕ್ಕೋ? ಇದನ್ನು ನಿರ್ಣಯಿಸಲು ಮಿದುಳಿನ ಕಾರ್ಯ ನಿಂತುಹೋದ ಮೀನನ್ನು ತೊಟ್ಟಿಯಲ್ಲಿಟ್ಟು, ಅದರ ಸ್ನಾಯುವಿನ ಸೆಳೆತವನ್ನು ಅಳೆಯುವ ಸಾಧನಕ್ಕೆ ಜೋಡಿಸಿದರು. ತೆರೆಯ ಆಚೆ ಹಾವುಮೀನು ಎರೆಹುಳುವನ್ನು ಬೇಟೆಯಾಡಿ ಮಿಡಿತಗಳನ್ನು ಸುರಿಸಿದಾಗಲೆಲ್ಲ ಈಚೆಯ ಮೀನಿನ ಸ್ನಾಯುಗಳು ಸೆಟೆದುಕೊಂಡವು. ಆದುದರಿಂದ ಮಿದುಳಿಗೂ ಇದಕ್ಕೂ ಸಂಬಂಧವಿಲ್ಲ. ಬಳಿಕ ಮೀನಿಗೆ ಕುರಾರೆಯನ್ನು ಚುಚ್ಚಿದರು. ದಕ್ಷಿಣ ಅಮೆರಿಕದ ಅರಣ್ಯವಾಸಿಗಳು ಬಾಣದ ತುದಿಗೆ ಸವರುವ ಈ ವಿಷ ನರದ ಆಜ್ಞೆ ಸ್ನಾಯುವನ್ನು ಮುಟ್ಟದಂತೆ ತಡೆಯುತ್ತದೆ. ಈಗ ಹಾವುಮೀನು ಎಷ್ಟು ಮಿಡಿದರೂ ಸ್ನಾಯು ಕದಲಲಿಲ್ಲ. ಎಂದಮೇಲೆ ಆಘಾತ ಕೆಲಸಮಾಡುವುದು ಸ್ನಾಯುಗಳನ್ನು ಆಳುವ ನರಗಳ ಮೇಲೆ. ಬೇಟೆಯ ದೇಹವನ್ನು ಅದರ ಒಡೆಯನ ಕೈಯಿಂದ ಕಸಿದುಕೊಂಡು, ದೂರದಲ್ಲಿದ್ದುಕೊಂಡೇ ಹಾವುಮೀನು ಅದಕ್ಕೆ ಆಜ್ಞೆ ಕೊಡುತ್ತದೆ ಎಂದರೆ ತಪ್ಪಲ್ಲ.

ಇದಕ್ಕಿಂತ ಸೋಜಿಗದ ಉಪಾಯ ಇನ್ನೊಂದಿದೆ. ಬೇಟೆ ಜೊಂಡಿನ ನಡುವೆ ಅಲ್ಲಾಡದೆ ಅಡಗಿದೆ ಎನ್ನೋಣ. ಹಾವುಮೀನು ಆ ಕಡೆಗೆ ಎರಡೋ ಮೂರೋ ಮಿಡಿತಗಳನ್ನು ಮಾತ್ರ ಕಳಿಸಿ ಸುಮ್ಮನಾಗುತ್ತದೆ. ಅಡಗಿದ ಮೀನಿನ ಮೈ ಅದಕ್ಕೆ ಇಚ್ಛೆಯಿಲ್ಲದೆಯೇ ಒಮ್ಮೆ ಝಲ್ಲೆಂದು ಅದುರುತ್ತದೆ. ಆ ಅದುರಿನಿಂದ ನೀರು ಕದಲುತ್ತದೆ. ಬಚ್ಚಿಟ್ಟುಕೊಂಡವನ ಗುಟ್ಟು ರಟ್ಟಾಗುತ್ತದೆ. ಮರುಕ್ಷಣವೇ ಮಿಡಿತಗಳ ಸುರಿಮಳೆ. ಅದುರು ಹುಟ್ಟದಿದ್ದರೆ ಹಾವುಮೀನು ಮೇಲೆ ಬೀಳುವುದಿಲ್ಲ. 2015ರ ಪ್ರಯೋಗಗಳಿಂದ ಇನ್ನೊಂದು ಸಂಗತಿ ಹೊರಬಿತ್ತು: ಆ ಸುರಿಮಳೆ ಕೇವಲ ಆಯುಧವಲ್ಲ, ಕಣ್ಣೂ ಹೌದು. ವಿದ್ಯುತ್ತು ಹರಿಯುವ ಇಂಗಾಲದ ಕಡ್ಡಿಯನ್ನೂ ಹರಿಯದ ಪ್ಲಾಸ್ಟಿಕ್ ಕಡ್ಡಿಗಳನ್ನೂ ಕತ್ತಲಲ್ಲಿ ಇಟ್ಟಾಗ, ಹಾವುಮೀನು ಧಾಳಿಯ ಭರದಲ್ಲಿಯೂ ಇಂಗಾಲದ ಕಡ್ಡಿಯನ್ನೇ ಹುಡುಕಿ ಬಾಯಿಹಾಕಿತು. ಜೀವಿಯ ದೇಹವೂ ವಿದ್ಯುದ್ವಾಹಕವೇ ಅಲ್ಲವೆ?

ಬೇಟೆ ದೊಡ್ಡದಾಗಿದ್ದು ಕೊಸರಾಡಿದರೆ ಹಾವುಮೀನು ಅದನ್ನು ಕಚ್ಚಿಹಿಡಿದು, ತನ್ನ ಬಾಲವನ್ನು ಬಳಸಿ ತಂದು ಅದರ ಮತ್ತೊಂದು ಬದಿಗೆ ಒತ್ತುತ್ತದೆ. ತಲೆಯ ಧನಧ್ರುವಕ್ಕೂ ಬಾಲದ ಋಣಧ್ರುವಕ್ಕೂ ನಡುವೆ ಸಿಕ್ಕ ಬೇಟೆಯ ಮೇಲೆ ವಿದ್ಯುತ್ತಿನ ಪ್ರಭಾವ ಇಮ್ಮಡಿಗೂ ಮಿಗಿಲಾಗುತ್ತದೆ. ಸತತವಾದ ಸೆಟೆತದಿಂದ ಅದರ ಸ್ನಾಯುಗಳು ಬೇಗನೆ ಸೋತುಹೋಗುತ್ತವೆ. ಈ ಸುತ್ತಿಕೊಳ್ಳುವಿಕೆಯನ್ನು ಮೈಕೇಲ್ ಫ್ಯಾರಡೆಯು 1838ರಲ್ಲಿಯೇ ಲಂಡನ್ನಿಗೆ ತಂದಿದ್ದ ಮೀನೊಂದರಲ್ಲಿ ಕಂಡು ಬರೆದಿಟ್ಟಿದ್ದನೆಂಬುದು ಗಮನಾರ್ಹ.

ಹುಂಬೋಲ್ಟನ ಮಾತು ನಿಜವಾಯಿತು

ಕಟೇನಿಯ ಅವರು ತೊಟ್ಟಿಯಿಂದ ತೊಟ್ಟಿಗೆ ಮೀನುಗಳನ್ನು ಸಾಗಿಸಲು ಲೋಹದ ಹಿಡಿಯುಳ್ಳ ಬಲೆಯನ್ನು ಬಳಸುತ್ತಿದ್ದರು. ಬಲೆ ಹತ್ತಿರವಾದಾಗ ಹಾವುಮೀನು ಹಿಂಜರಿಯಲಿಲ್ಲ. ಥಟ್ಟನೆ ತಿರುಗಿ, ನೀರಿನಿಂದ ಮೇಲಕ್ಕೆ ಚಿಮ್ಮಿ, ಗದ್ದವನ್ನು ಲೋಹದ ಹಿಡಿಗೆ ಒತ್ತಿ ಮಿಡಿತಗಳನ್ನು ಸುರಿಸಿತು! ರಬ್ಬರಿನ ಕೈಚೀಲ ತೊಟ್ಟಿದ್ದ ಪ್ರಾಧ್ಯಾಪಕರು ಪಾರಾದರು. ಮತ್ತು ಹುಂಬೋಲ್ಟನ ಕುದುರೆಗಳನ್ನು ನೆನೆದರು.

ನೀರಿನಲ್ಲಿ ಮುಳುಗಿರುವಾಗ ಮೀನು ಹೊರಡಿಸುವ ವಿದ್ಯುತ್ತು ಸುತ್ತಲೂ ಚೆದರಿಹೋಗುತ್ತದೆ. ಶತ್ರುವಿಗೆ ತಗುಲುವುದು ಒಂದಂಶ ಮಾತ್ರ. ತಲೆಯನ್ನು ನೀರಿನಿಂದ ಮೇಲಕ್ಕೆತ್ತಿ ಶತ್ರುವಿನ ಮೈಗೆ ಒತ್ತಿದಾಗಲಾದರೋ ವಿದ್ಯುತ್ತು ಗದ್ದದಿಂದ ಹೊರಟು ಶತ್ರುವಿನ ಶರೀರದ ಮೂಲಕವೇ ಹಾದು ನೀರಿಗೆ ಇಳಿದು ಬಾಲವನ್ನು ಸೇರಬೇಕು. ಮೀನು ಎಷ್ಟು ಮೇಲಕ್ಕೆ ಏರುವುದೋ ಅಷ್ಟೂ ಆಘಾತ ಹೆಚ್ಚುತ್ತದೆ ಎಂಬುದನ್ನು ಅಳತೆಗಳು ತೋರಿಸಿದವು. 2016ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಮರುವರ್ಷ ಅವರು ಸಣ್ಣ ಹಾವುಮೀನೊಂದರ ಮುಂದೆ ತಮ್ಮ ತೋಳನ್ನೇ ಒಡ್ಡಿ ಆಘಾತವನ್ನು ಅಳೆದರು.

ಈಗ ಕಲಬೋಸೊವಿನ ಹೊಂಡವನ್ನು ಮತ್ತೆ ನೆನೆಯೋಣ. ಮಾರ್ಚ್ ತಿಂಗಳು ಅಲ್ಲಿ ಬೇಸಗೆ. ಆಳವಿಲ್ಲದ ನೀರಿನಲ್ಲಿ ಸಿಕ್ಕಿಬಿದ್ದ ಮೀನುಗಳಿಗೆ ಓಡಿಹೋಗಲು ದಾರಿಯಿರಲಿಲ್ಲ. ನೀರು ಬತ್ತುವ ಕಾಲದಲ್ಲಿ ಹಸಿದ ಪ್ರಾಣಿಗಳು ಹೊಂಡಕ್ಕೆ ಬಾಯಿಹಾಕುವಾಗ ಎದುರುಬೀಳುವುದೊಂದೇ ಅವುಗಳಿಗೆ ಉಳಿದಿರುವ ರಕ್ಷೆ. ಕುದುರೆಯ ಹೊಟ್ಟೆಗೆ ಮೈಯೊತ್ತಿದವು ಎಂದು ಹುಂಬೋಲ್ಟನು ಬರೆದುದರಲ್ಲಿ ನಂಬಲಾಗದ್ದು ಏನೂ ಇರಲಿಲ್ಲ. ನಂಬದೆ ಹೋದವರು ಆ ಮೀನನ್ನು ನೋಡದೆಯೇ ತೀರ್ಪಿತ್ತಿದ್ದರು.

ಸಂಜೆಯ ಸಾಮೂಹಿಕ ಬೇಟೆ

ಹಾವುಮೀನು ಒಂಟಿ ಬೇಟೆಗಾರನೆಂಬುದು ಇನ್ನೊಂದು ಹಳೆಯ ನಂಬಿಕೆ. ಬ್ರೆಜಿಲಿನ ಪಾರಾ ಪ್ರಾಂತದಲ್ಲಿ ಇರಿರಿ ನದಿಯ ದಂಡೆಯ ಸಣ್ಣ ಸರೋವರವೊಂದರಲ್ಲಿ ಡಗ್ಲಾಸ್ ಬಾಸ್ಟೋಸ್ ಅವರು 2012ರಲ್ಲಿ ಕಂಡು, 2014ರಲ್ಲಿ ಮತ್ತೆ ಹೋಗಿ ಪರಿಶೀಲಿಸಿ, ಸಂಗಡಿಗರೊಡನೆ 2021ರಲ್ಲಿ ಪ್ರಕಟಿಸಿದ ವಿಷಯ ಈ ನಂಬಿಕೆಯನ್ನೂ ಅಲುಗಿಸಿತು. ಆ ಸರೋವರದಲ್ಲಿ ವೋಲ್ಟನ ಹೆಸರಿನ ಜಾತಿಯ ನೂರಕ್ಕೂ ಹೆಚ್ಚು ಮೀನುಗಳಿದ್ದವು. ಹಗಲೆಲ್ಲ ಅವು ಆಳದಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತಿದ್ದವು. ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಒಟ್ಟುಗೂಡಿ, ದೊಡ್ಡ ವರ್ತುಲವಾಗಿ ಈಜುತ್ತ, ಬೆರಳುದ್ದದ ಸಣ್ಣ ಮೀನುಗಳ ಹಿಂಡನ್ನು ಕುರಿಗಾಹಿಗಳಂತೆ ಆಳವಿಲ್ಲದ ದಡದ ಕಡೆಗೆ ಒತ್ತರಿಸಿಕೊಂಡು ಹೋಗುತ್ತಿದ್ದವು. ಬಳಿಕ ಹತ್ತರವರೆಗಿನ ಒಂದು ತಂಡ ಮುಂದೆ ಬಂದು ಏಕಕಾಲದಲ್ಲಿ ಮಿಡಿಯುತ್ತಿತ್ತು. ಸಣ್ಣ ಮೀನುಗಳು ನೀರಿನಿಂದ ಮೇಲಕ್ಕೆ ಸಿಡಿದು, ನಿಶ್ಚೇಷ್ಟವಾಗಿ ಕೆಳಗೆ ಬೀಳುತ್ತಿದ್ದವು. ಆಮೇಲೆ ಊಟ. ತೋಳಗಳಲ್ಲಿ, ತಿಮಿಂಗಿಲಗಳಲ್ಲಿ ಕಾಣುವ ಇಂಥ ಸಹಕಾರ ಮೀನುಗಳಲ್ಲಿ ಬಲು ಅಪೂರ್ವ. ಒಂಟಿಯಾಗಿ ಹಿಡಿಯಲು ಕಷ್ಟವಾದ ಚುರುಕಿನ ಹಿಂಡು, ಹೇರಳವಾದ ಬೇಟೆ, ಎಲ್ಲರಿಗೂ ಆಶ್ರಯ ಕೊಡುವ ಜಲಾಶಯ, ಇವು ಮೂರೂ ಕೂಡಿದ ಕಡೆ ಈ ವರ್ತನೆ ಹುಟ್ಟಿರಬೇಕು.

ಮೀನಿನಿಂದ ಮನುಷ್ಯನಿಗೆ

ಹುಂಬೋಲ್ಟನು ಕುದುರೆಗಳ ಕಾಳಗವನ್ನು ನೋಡಿದ ಅದೇ 1800ರ ಮಾರ್ಚ್ ತಿಂಗಳ 20ರಂದು ಇಟಲಿಯ ವೋಲ್ಟನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಒಂದು ಪತ್ರ ಬರೆದನು. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆದ ರಟ್ಟುಗಳ ನಡುವೆ ಸಾಲಾಗಿ ಪೇರಿಸಿ ನಿರಂತರ ವಿದ್ಯುತ್ತನ್ನು ಪಡೆಯುವ ಬಗೆಯನ್ನು ಅದರಲ್ಲಿ ವರ್ಣಿಸಿದನು. ಅದೇ ಜಗತ್ತಿನ ಮೊದಲ ಬ್ಯಾಟರಿ. ವಿದ್ಯುನ್ಮೀನುಗಳ ಅಂಗರಚನೆಯನ್ನು ನೆನಪಿನಲ್ಲಿಟ್ಟುಕೊಂಡು ಅವನು ಅದನ್ನು ಕೃತಕ ವಿದ್ಯುದಂಗ ಎಂದೇ ಕರೆದನು. ಮೀನಿಗೆ ವೋಲ್ಟನ ಹೆಸರಿಟ್ಟುದು ಈ ಋಣದ ಸ್ಮರಣೆಗಾಗಿ.

ವೈದ್ಯಶಾಸ್ತ್ರದ ಋಣ ಇದಕ್ಕಿಂತ ದೊಡ್ಡದು. ನರದ ತುದಿಯಿಂದ ಹೊರಟ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದೂತನನ್ನು ಸ್ನಾಯುವಿನ ಮೇಲಿನ ಒಂದು ಗ್ರಾಹಕವಸ್ತು ಬರಮಾಡಿಕೊಳ್ಳುತ್ತದೆ. ನಮ್ಮ ಸ್ನಾಯುವಿನಲ್ಲಿ ಆ ಗ್ರಾಹಕದ ಪ್ರಮಾಣ ಅತ್ಯಲ್ಪ; ಹಾವುಮೀನಿನ ವಿದ್ಯುದಂಗದಲ್ಲಿ ಅದು ಹೇರಳ. 1970ರಲ್ಲಿ ಪ್ಯಾರಿಸಿನ ಷಾಂಜೊ ಮತ್ತು ಸಂಗಡಿಗರು ಕಟ್ಟುಹಾವಿನ ಜಾತಿಯ ಸರ್ಪವೊಂದರ ವಿಷವನ್ನು ಬಳಸಿ ಆ ಗ್ರಾಹಕವನ್ನು ಈ ಮೀನಿನ ಅಂಗದಲ್ಲಿ ಗುರುತಿಸಿದರು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರೋಮ್ ಎಂಬ ಇಬ್ಬರು ವಿಜ್ಞಾನಿಗಳು ಹಾವುಮೀನಿನಿಂದ ತೆಗೆದ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ರಕ್ತ ಅದರ ವಿರುದ್ಧ ಪ್ರತಿವಸ್ತುಗಳನ್ನು ತಯಾರಿಸಿತು. ಆ ಪ್ರತಿವಸ್ತುಗಳು ಮೊಲಗಳ ಸ್ವಂತ ಸ್ನಾಯುಗಳ ಗ್ರಾಹಕಗಳನ್ನೂ ಬಿಡಲಿಲ್ಲ. ಮೊಲಗಳು ಬಲಗುಂದಿ ನೆಲಕಚ್ಚಿದವು. ಕಣ್ಣೆವೆ ಜೋತುಬಿದ್ದು, ನುಂಗುವುದೂ ಉಸಿರಾಡುವುದೂ ಕಷ್ಟವಾಗುವ ಮಯಸ್ತೀನಿಯ ಗ್ರಾವಿಸ್ ಎಂಬ ಮನುಷ್ಯರ ವ್ಯಾಧಿಯ ಲಕ್ಷಣಗಳೇ ಅವು. ಶರೀರವು ತನ್ನನ್ನೇ ಶತ್ರುವೆಂದು ತಪ್ಪಾಗಿ ತಿಳಿಯುವುದರಿಂದ ಈ ರೋಗ ಬರುತ್ತದೆಂಬುದು ಹೀಗೆ ಸ್ಪಷ್ಟವಾಯಿತು. ಚಿಕಿತ್ಸೆಗೆ ದಾರಿ ತೆರೆಯಿತು. ಅಮೆಜಾನಿನ ಕೆಸರಿನಲ್ಲಿ ಬೇಟೆಯಾಡುವ ಮೀನೊಂದು ಆಸ್ಪತ್ರೆಯ ಹಾಸಿಗೆಯಲ್ಲಿರುವ ರೋಗಿಗೆ ನೆರವಾದ ಬಗೆ ಇದು. 2017ರಲ್ಲಿ ಇದೇ ಮೀನಿನ ಮಾದರಿಯನ್ನು ಅನುಸರಿಸಿ, ಉಪ್ಪಿನಂಶವುಳ್ಳ ಮೃದುವಾದ ಅಂಟುಪದಾರ್ಥದ ಹನಿಗಳನ್ನು ಸಾಲಾಗಿ ಜೋಡಿಸಿ 110 ವೋಲ್ಟು ಪಡೆದವರೂ ಉಂಟು.

ಇಷ್ಟು ಕಾಲ ಎಲ್ಲರ ಕಣ್ಣಮುಂದಿದ್ದ ಮೀನಿನಲ್ಲಿ ಮೂರು ಜಾತಿಗಳಿವೆಯೆಂದು ತಿಳಿದದ್ದು 2019ರಲ್ಲಿ; ಅದು ಕೂಡಿ ಬೇಟೆಯಾಡಬಲ್ಲುದೆಂದು ಲೋಕಕ್ಕೆ ತಿಳಿದದ್ದು 2021ರಲ್ಲಿ. ಅಮೆಜಾನಿನ ಅರಣ್ಯವಾದರೋ ಈ ಅರ್ಧ ಶತಮಾನದಿಂದ ಕೊಡಲಿಗೂ ಬೆಂಕಿಗೂ ಆಹುತಿಯಾಗುತ್ತಲೇ ಇದೆ. ಕಂಡವನ ಮಾತನ್ನು ನಂಬಲು ನಮಗೆ ಎರಡು ಶತಮಾನಗಳು ಬೇಕಾದವು. ನೋಡಬೇಕಾದ ಕೊಳಗಳೇ ಬತ್ತಿಹೋದರೆ, ಮುಂದಿನ ಹುಂಬೋಲ್ಟನ ಮಾತನ್ನು ಪರೀಕ್ಷಿಸಿ ನೋಡುವುದಕ್ಕೆ ಮೀನಾದರೂ ಎಲ್ಲಿ ದೊರೆತೀತು?